ಅಗಸಿಯ ಕೊಸರು

ಚಹಾ ಮುಗಿಯುವ ತನಕ ಇಮೇಲು ತೆರೆಯಬಾರದೆಂದು ಮಾಯಾ ನೇಮ ಮಾಡಿಕೊಂಡಿದ್ದಳು. ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚುವವರಿಗೆ ಇಂಥದೊಂದು ನೇಮ ಬೇಕೇ ಬೇಕು. ಕಾಸು ಕೊಟ್ಟು ಕೊಂಡವರು ಒಂದು ಮಾತು ಕಡಿಮೆ ಬೈದಾರು, ಪುಕ್ಕಟೆ ಒಯ್ದವರು ಬಿಡುವುದಿಲ್ಲ. ಆದರೆ ಅಂದು ಬಂದ ಇಮೇಲಿನ ತಲೆಯ ಮೇಲೆ ಖಾಸಗಿ ಎಂದಿತ್ತು. ಕಲಬುರಗಿ ಅಂಚಿನ ಕೋಟನೂರಿನ ಬಾಡಿಗೆ ಮನೆಯ ಅಡುಗೆಕಟ್ಟೆಯ ಮುಂದೆ ನಿಂತೇ ಓದಿದಳು. ಓದಿ ಮುಗಿಯುವಷ್ಟರಲ್ಲಿ ಚಹಾಕ್ಕೆ ಕೆನೆ ಕಟ್ಟಿತ್ತು.

ಅವಳು ಮತ್ತು ಗೆಳೆಯ ಗುರುಪ್ರಸಾದ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವಾಗ ಶುರುಮಾಡಿದ ವೆಬ್ ಸರ್ವರಿನ ಹೆಸರು ಅಗಸಿ. ಊರ ಹೆಬ್ಬಾಗಿಲಾದ ಅಗಸಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಹೊರಗಿನಿಂದ ಯಾವುದೋ ಫೋನು, ಯಾವುದೋ ಯಂತ್ರ ಬಂದು ಏನೋ ಕೇಳುತ್ತದೆ. ಬಂದವರಿಗೆ ಏನು ಬೇಕು, ಅವರ ಮಾತು ಎಲ್ಲಿಗೆ ಮುಗಿಯಿತು ಎಂದು ನೋಡಿ ಒಳಗೆ ಬಿಡಬೇಕು. ಈ ಕೇಳಿಕೆಗೆ ಕಸುಬಿನವರು ರಿಕ್ವೆಸ್ಟ್ ಅನ್ನುತ್ತಾರೆ. ಅದನ್ನು ಓದುವ ಭಾಗ ಮಾಯಾಳದು, ಉಳಿದದ್ದೆಲ್ಲ ಗುರುಪ್ರಸಾದನದು. ಅವನೀಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಅವಳು ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಮಿಕ್ಕ ಹೊತ್ತು ಅಗಸಿಗೆ. ಅವರಿಬ್ಬರೂ ನಕಾಶೆಯಲ್ಲಿ ಹುಡುಕಬೇಕಾದಂಥ ಊರುಗಳ ಜನ ಅದನ್ನು ಗ್ರಂಥಾಲಯಕ್ಕೆ, ಹಸಿರುಮನೆಗೆ, ಬಸ್ ನಿಲ್ದಾಣದ ಫಲಕಕ್ಕೆ ಹಾಕಿಕೊಂಡಿದ್ದರು.

ಇಮೇಲು ಬರೆದವಳು ಫಿನ್ಲೆಂಡಿನ ಒಬ್ಬ ಭದ್ರತಾ ಸಂಶೋಧಕಿ. ಬಹಳ ಮರ್ಯಾದೆಯಿಂದ ಬರೆದಿದ್ದಳು. ನಿಮ್ಮ ಸರ್ವರಿನಲ್ಲಿ ತೂತಿದೆ, ತಿಂಗಳ ಕೊನೆಗೆ ಅದನ್ನು ಎಲ್ಲರಿಗೂ ತಿಳಿಸುತ್ತೇನೆ, ಅಷ್ಟರೊಳಗೆ ಮುಚ್ಚಿಕೊಳ್ಳಿ. ಕೊನೆಗೊಂದು ಸಣ್ಣ ಪ್ರಶ್ನೆ: ತೂತಿರುವ ಭಾಗಕ್ಕೆ ಕೊಸರು ಎಂದು ಹೆಸರಿಟ್ಟಿದ್ದೀರಿ, ಹಾಗೆಂದರೇನು?

ಅವಳಿಗೆ ತಿಳಿಯುವುದಾದರೂ ಹೇಗೆ. ಅದು ಹುಟ್ಟಿದ್ದು ಕಮಲಾಪುರದಲ್ಲಿ, ಮಾಯಾಳ ಕಾಕಾ ಮಾಣಿಕಪ್ಪನ ತಲೆಯಲ್ಲಿ.

ಮಾಣಿಕಪ್ಪ ತಕ್ಕಡಿ ರಿಪೇರಿ ಮಾಡುತ್ತ ಮಾಡುತ್ತ ಎಲೆಕ್ಟ್ರಾನಿಕ್ ತೂಕದ ಯಂತ್ರ ಕಟ್ಟುವುದನ್ನು ಕಲಿತವನು. ಕಲಿತದ್ದನ್ನು ಊರಲ್ಲಿ ಯಾರಿಗೂ ಮರೆಯಗೊಡದವನು. ಕೆಂಪು ಬಾಳೆ ಬೆಳೆಗಾರರ ಸಂಘದ ಶೆಡ್ಡುಗಳಲ್ಲೆಲ್ಲ ಅವನ ಯಂತ್ರಗಳೇ. ಗೊನೆ ತೂಗಿದ ಕೂಡಲೇ ಅದು ಯಾರದು, ಎಷ್ಟು ತೂಕ ಎಂಬುದನ್ನು ಅವು ಸಂಘದ ಕಲಬುರಗಿ ಕಚೇರಿಯ ಕಂಪ್ಯೂಟರಿಗೆ ಕಳಿಸುತ್ತಿದ್ದವು. ಅಲ್ಲಿ ಬಾಗಿಲು ಕಾಯುತ್ತಿದ್ದುದು ಅಗಸಿ. ಇಂಥ ಸಂದೇಶ ಮೊದಲೇ ತನ್ನ ಅಳತೆ ಹೇಳಬೇಕು: ನನ್ನ ಮಾತು ಇಷ್ಟುದ್ದ, ಆಮೇಲೆ ಮುಗಿಯಿತು. ಮಾಣಿಕಪ್ಪನ ಯಂತ್ರ ಹೇಳುತ್ತಿದ್ದುದು ಇಷ್ಟುದ್ದ, ಕಳಿಸುತ್ತಿದ್ದುದು ಅದಕ್ಕಿಂತ ಒಂದು ಹಿಡಿ ಹೆಚ್ಚು. ತಪ್ಪಿ ಅಲ್ಲ, ಬೇಕೆಂದೇ. ಡಜನ್ ಬಾಳೆಯ ಮೇಲೆ ಕೊಸರಿಗೆಂದು ಒಂದು ಹಣ್ಣು ಇಡದ ವ್ಯಾಪಾರಿಯನ್ನು ಅವನು ಮನುಷ್ಯರಲ್ಲಿ ಎಣಿಸುತ್ತಿರಲಿಲ್ಲ. ದಾರಿಯಲ್ಲಿ ಒಂದೆರಡು ಉದುರಿದರೂ ಕೊಂಡವನ ಡಜನ್ ಭರ್ತಿಯಾಗಬೇಕು. ಹೀಗಿರುವಾಗ ಕಮಲಾಪುರದಿಂದ ಕಲಬುರಗಿಯವರೆಗೆ ಗಾಳಿಯಲ್ಲಿ ಹೋಗುವ ಅಕ್ಷರಗಳ ಗತಿಯೇನು?

ಯಂತ್ರಗಳನ್ನು ಜೋಡಿಸಲು ಹೋದವನು ಗುರುಪ್ರಸಾದ. ಮಾಯಾ ಆಗ ಅಕ್ಕನ ಬಾಣಂತನಕ್ಕೆಂದು ಬೀದರಿನಲ್ಲಿದ್ದಳು. ಕಾಕಾನ ಮನೆಯಲ್ಲಿ ಎರಡು ಹೊತ್ತು ಉಂಡು, ಕಾಕಾನನ್ನು ತಿದ್ದುವುದಕ್ಕಿಂತ ಸರ್ವರನ್ನು ತಿದ್ದುವುದು ಸುಲಭವೆಂದು ಮನಗಂಡು, ಅವನು ಅಗಸಿಗೆ ಹೊಸದೊಂದು ತುಂಡು ಸೇರಿಸಿದ. ಹೇಳಿದ ಅಳತೆಯ ಮೇಲೆ ಏನೇ ಬಂದರೂ ಸುಮ್ಮನೆ ನುಂಗು. ಇನ್ನೊಂದು ರಿಕ್ವೆಸ್ಟಿನಂಥದು ಕಾಣುವವರೆಗೆ ನುಂಗುತ್ತಲೇ ಇರು. ಹೀಗೆ ಕಮಲಾಪುರದ ಸೌಜನ್ಯ ಪರದೇಶದ ಬಸ್ ನಿಲ್ದಾಣಗಳನ್ನು ಸೇರಿತು.

ತೂತು ಇದ್ದುದು ಆ ಸೌಜನ್ಯದಲ್ಲೇ. ಅಗಸಿಯ ಮುಂದೆ ಸಾಮಾನ್ಯವಾಗಿ ಇನ್ನೊಂದು ಕಾವಲು ಸರ್ವರ್ ಇರುತ್ತದೆ. ಗುರುತು ಕೇಳುವುದು ಅದರ ಕೆಲಸ. ಕಳ್ಳನೊಬ್ಬ ಒಂದು ರಿಕ್ವೆಸ್ಟನ್ನು ಗಂಟು ಕಟ್ಟಿ, ಅದರೊಳಗೆ ಇನ್ನೊಂದನ್ನು ಅಡಗಿಸಿ ಕೊಟ್ಟರೆ, ಕಾವಲಿನವನು ಬರೀ ಗಂಟೆಂದು ಬಿಡುತ್ತಾನೆ. ಅಗಸಿ ಗಂಟಿನ ಬಟ್ಟೆಯನ್ನು ಕೊಸರೆಂದು ನುಂಗಿ, ಒಳಗೆ ಮುದುರಿ ಕುಳಿತವನನ್ನು ಬರ್ರಿ ಬರ್ರಿ ಎಂದು ಕರೆದುಕೊಳ್ಳುತ್ತದೆ.

ಸಂಜೆ ಕೋಟೆಯ ಕಂದಕದ ಎದುರಿನ ಚಹಾದಂಗಡಿಯಲ್ಲಿ ಇಬ್ಬರೂ ಕೂತರು.

"ತಗೀಬೇಕು," ಅಂದಳು ಮಾಯಾ. "ಪೂರಾ."

"ತಗದ್ರ ಕಾಕಾನ ಮಷೀನ್ ಒಂದೂ ಮಾತಾಡಾಂಗಿಲ್ಲ," ಅಂದ ಗುರುಪ್ರಸಾದ. "ಇನ್ನೆಷ್ಟ್ ಮಂದಿ ಇದನ್ನ ನಂಬಿ ಕುಂತಾರೋ. ಒಂದ್ ಸ್ವಿಚ್ ಇಡೋಣು. ಬೇಕಾದವ್ರು ಹಚ್ಕೋತಾರ, ಬ್ಯಾಡಾದವ್ರು ಬಿಡ್ತಾರ."

"ಮನಿಗಿ ಕೀಲಿ ಹಾಕಿ, ಕೀಲಿಕೈ ಬಾಗಲಕ್ಕೇ ಬಿಟ್ಟು ಬರ್ತಿ ಏನು?"

"ನಮ್ಮವ್ವ ಹಂಗೇ ಮಾಡ್ತಾಳ."

"ನಿಮ್ಮವ್ವ ಸರ್ವರ್ ನಡಸಾಂಗಿಲ್ಲ. ಸ್ವಿಚ್ ಇಲ್ಲ. ಮೊದಲ ಕಾಕಾನ ಮಷೀನ್ ಸರಿ ಮಾಡೋಣು, ಆಮ್ಯಾಲ ತಗಿಯೋಣು."

"ಕಾಕಾಗ ಯಾರ್ ಹೇಳಾವ್ರು?"

"ನೀನೇ. ಅವ್ರ ಮನ್ಯಾಗ ಉಂಡಾವ."

"ಉಂಡೀನಿ ಅಂತೇ ಹೇಳಾಂಗಿಲ್ಲ," ಎಂದು ಅವನು ಇನ್ನೊಂದು ಚಹಾ ಹೇಳಿದ.

ಭಾನುವಾರ ಮಾಯಾ ಹುಮನಾಬಾದ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ಶೆಡ್ಡಿನಲ್ಲಿ ಮಾಣಿಕಪ್ಪನ ಹೆಂಡತಿ, ಚಿಗವ್ವ ಮಾನಮ್ಮ, ಗೊನೆ ವಿಂಗಡಿಸುತ್ತಿದ್ದಳು. ಸಂಘದ ಅಧ್ಯಕ್ಷ ದೌಲಪ್ಪ ಖುರ್ಚಿಯಲ್ಲಿ ಕೂತಿದ್ದ. ಅಧ್ಯಕ್ಷತೆಯೆಂದರೆ ಬಹುಮಟ್ಟಿಗೆ ಅದೇ ಎಂದು ಅವನು ನಂಬಿದ್ದ. ಮಾಯಾ ಹೇಳಿದ್ದನ್ನೆಲ್ಲ ಮಾಣಿಕಪ್ಪ ಕಣ್ಣು ಮುಚ್ಚಿ ಕೇಳಿದ.

"ಅಂದ್ರ ಹೆಚ್ಚು ಕೊಟ್ಟದ್ದೇ ತಪ್ಪಾತು."

"ಹೇಳಿದಷ್ಟೇ ಕಳಸ್ರಿ ಕಾಕಾ."

"ದಾರ್ಯಾಗ ಉದುರಿದ್ರ?"

"ಉದುರಿದ್ರ ಲೈನೇ ಮತ್ತ ಕೇಳಿ ತರಸ್ಕೋತದ್ರಿ. ಅದರ ಕೆಲಸೇ ಅದು."

"ನೀ ನೋಡೀಯೇನು?"

"ದಿನಾ ನೋಡ್ತೇನ್ರಿ."

"ನಾ ನೋಡಿಲ್ಲ. ಕೊಸರು ಬಿಟ್ರ ನಮ್ಮ ಇಜ್ಜತ್ ಏನ್ ಉಳೀತು? ಮಾಣಿಕಪ್ಪನ ಮಷೀನ್ ಅಳದು ಅಳದು ಕೊಡ್ತದ ಅಂತಾರ ಮಂದಿ."

"ತೂಕದ ಮಷೀನ್ ಅಳದು ಕೊಡಲಾರದ ಹಾಡು ಹಾಡ್ತದೇನು?" ಅಂದಳು ಮಾನಮ್ಮ, ತಲೆ ಎತ್ತದೆ.

ವಾದದಿಂದ ಕಾಕಾನನ್ನು ಗೆದ್ದವರು ಮಾಯಾಳಿಗೆ ತಿಳಿದಂತೆ ಯಾರೂ ಇರಲಿಲ್ಲ. ಅವಳು ದೌಲಪ್ಪನ ಕಡೆ ತಿರುಗಿದಳು. "ಅಧ್ಯಕ್ಷರ, ನಿಮ್ಮ ಪರವಾನಗಿ ಇದ್ರ ಸಂಘದ ಕಂಪ್ಯೂಟರನ್ಯಾಗ ಒಂದ್ ಸಣ್ಣ ಕಳವು ಮಾಡಿ ತೋರಸ್ತೇನ್ರಿ."

"ಪಾಸ್‌ವರ್ಡ್ ಅದ ಏನು ನಿನ್ನ ಬಲ್ಲಿ?"

"ಇಲ್ರಿ."

"ಹಂಗಾದ್ರ ಮಾಡವ್ವ," ದೌಲಪ್ಪ ಧಾರಾಳವಾಗಿ ಕೈ ಬೀಸಿದ. "ಆಗಾಂಗಿಲ್ಲ ತೊಗೊ."

ಮಾಯಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬಾಳೆಯ ಕ್ರೇಟಿನ ಮೇಲಿಟ್ಟಳು. ಯಾರು ಬೇಕಾದರೂ ನೋಡಬಹುದಾದ ಸಂಘದ ಮುಖಪುಟವನ್ನು ಕೇಳಿದಳು. ಅದರ ಬೆನ್ನಿಗೆ ಗಂಟೊಂದನ್ನು ಕಟ್ಟಿ ಕಳಿಸಿದಳು. ಗೋಡೆಯ ಮೇಲಿನ ಪರದೆಯಲ್ಲಿ, ಬೆಳಗಿನಿಂದ ತೂಗಿದ ಗೊನೆಗಳ ಸಾಲಿನ ಕೊನೆಗೆ ಹೊಸ ಸಾಲೊಂದು ಮೂಡಿತು. ಮಾಲು, ಮಾಣಿಕಪ್ಪ. ತೂಕ, ಎಪ್ಪತ್ತೆರಡು ಕಿಲೋ. ದರ್ಜೆ, ಎರಡು.

ಶೆಡ್ಡಿನ ತುಂಬ ನಗೆ ಎದ್ದಿತು. ಮಾಣಿಕಪ್ಪ ಎದ್ದು ಪರದೆಯ ಹತ್ತಿರ ಹೋಗಿ ಎರಡು ಸಲ ಓದಿದ.

"ಎರಡನೇ ದರ್ಜಿ?"

"ಕಂಪ್ಯೂಟರ್ ಖರೇ ಹೇಳ್ಯಾದ ಬಿಡು," ಅಂದಳು ಮಾನಮ್ಮ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ದೌಲಪ್ಪ ನಡುವೆಯೇ ನಿಲ್ಲಿಸಿದ. "ಅಂದ್ರ ನಾಳೆ ನನ್ನ ಬಾಳಿ ಯಾರ್ದರೆ ಹೆಸರೀಲೆ..."

"ಹೌದ್ರಿ."

ಮಾಣಿಕಪ್ಪ ಇನ್ನೂ ಪರದೆಯ ಮುಂದೆಯೇ ನಿಂತಿದ್ದ. ಸಾಲಿನ ಕೊನೆಯಲ್ಲಿ, ಸುದ್ದಿ ಕಳಿಸಿದ್ದು ಯಾರು ಎಂಬಲ್ಲಿ, ಅವನದೇ ಯಂತ್ರದ ಹೆಸರಿತ್ತು. ಅವನ ಮುಖದ ಸಿಟ್ಟು ಇಳಿದು ಬೇರೇನೋ ಬಂತು.

"ಇದು ನಮ್ಮ ಮಷೀನ್ ಹೇಳ್ಯಾದ ಅಂತ ಬರದದ."

"ಹೌದ್ರಿ ಕಾಕಾ."

"ನಮ್ಮ ಮಷೀನ್ ಸುಳ್ಳು ಹೇಳಾಂಗಿಲ್ಲ."

"ಹೇಳಾಂಗಿಲ್ರಿ. ಆದ್ರ ಅದರ ಹೆಸರೀಲೆ ಯಾರ್ ಬೇಕಾದ್ರೂ ಹೇಳಬಹುದು. ಆ ದಾರಿ ಬಂದ್ ಮಾಡಾಕ ಬಂದೀನಿ."

ಮಾಣಿಕಪ್ಪ ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆ ತೆರೆದು, ಶೆಡ್ಡಿನ ಯಂತ್ರದ ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದ. "ಮೊದಲ ಆ ಸಾಲು ಅಳಸು," ಅಂದ ತಿರುಗಿ ನೋಡದೆ.

ಆ ತಿಂಗಳ ರಜೆಗಳೆಲ್ಲ ಇದಕ್ಕೇ ಹೋದವು. ಕಾಕಾನ ಸ್ಕೂಟರಿನ ಹಿಂದೆ ಕೂತು ಮಾಯಾ ಶೆಡ್ಡಿನಿಂದ ಶೆಡ್ಡಿಗೆ ಅಲೆದಳು. ಅವನು ಯಂತ್ರ ಬಿಚ್ಚುವನು, ಅವಳು ಒಳಗಿನ ಪ್ರೋಗ್ರಾಮು ತಿದ್ದುವಳು; ಮುಚ್ಚುವಾಗ ಅವನು ಪ್ರತಿಸಲವೂ, ಮಗಳನ್ನು ಕಳಿಸಿಕೊಟ್ಟವನಂತೆ, ಅದರ ತಲೆ ತಟ್ಟುವನು. ಕೊನೆಯದೂ ಆಯಿತೆಂದು ಕಾಕಾ ಹೇಳಿದ ಮರುದಿನ ಅವಳು ಅಗಸಿಯಿಂದ ಕೊಸರನ್ನು ಕಿತ್ತುಹಾಕಿದಳು. ಅಳತೆ ಮೀರಿದ್ದು ಏನೇ ಬಂದರೂ ತಪ್ಪು ರಿಕ್ವೆಸ್ಟ್ ಎಂದು ಹೇಳಿ ಬಾಗಿಲು ಮುಚ್ಚಬೇಕು, ಅಷ್ಟೆ. ಹೊಸ ಅಗಸಿ ಹೊರಬಿತ್ತು. ಫಿನ್ಲೆಂಡಿನವಳು ತನ್ನ ವರದಿ ಪ್ರಕಟಿಸಿದಳು.

ಬೈಗುಳ ಶುರುವಾದವು. ಗ್ರಂಥಾಲಯವೊಂದರ ಹಳೆಯ ಯಂತ್ರ ನಿಂತುಹೋಗಿತ್ತು. ಯಾರೋ ಇದನ್ನು ದರ್ಪ ಅಂದರು, ಯಾರೋ ಹಳೆಯದನ್ನೇ ಕೊಡಿ ಎಂದು ಅಂಗಲಾಚಿದರು. ಮಾಯಾ ಪ್ರತಿಯೊಬ್ಬರಿಗೂ ಅವರವರ ಯಂತ್ರವನ್ನು ಹೇಗೆ ತಿದ್ದಿಕೊಳ್ಳಬೇಕೆಂದು ಬರೆದಳು. ಹಳೆಯದನ್ನು ಯಾರಿಗೂ ಕೊಡಲಿಲ್ಲ. ಗುರುಪ್ರಸಾದ ಫೋನು ಮಾಡಿ ಸ್ವಿಚ್ಚಿನ ಮಾತೆತ್ತಿದ. ಇಲ್ಲ ಅಂದಳು. ಅವನು ನಿಟ್ಟುಸಿರು ಬಿಟ್ಟು, ಅರ್ಧ ಬೈಗುಳ ನನಗೆ ಕಳಿಸು, ಉತ್ತರ ಬರೆಯುತ್ತೇನೆ ಅಂದ.

ನಾಲ್ಕನೆಯ ದಿನ ಸಂಘದ ಸರ್ವರಿನಲ್ಲಿ ಒಂದೇ ಯಂತ್ರ ಮೇಲಿಂದ ಮೇಲೆ ಬಾಗಿಲು ಬಡಿದು ಹೊರಗೆ ಹೋಗುತ್ತಿರುವುದು ಮಾಯಾಳಿಗೆ ಕಂಡಿತು. ಅದು ಯಾವುದೆಂದು ಹುಡುಕುವ ಮೊದಲೇ ಫೋನು ಬಂತು, ದೌಲಪ್ಪನದು. ತೋಟದ ಮನೆಯ ಯಂತ್ರ. ಅಧ್ಯಕ್ಷರ ಮನೆಯದಕ್ಕೆ ಏನಾಗುತ್ತದೆ ಎಂದು ಕಾಕಾ ಅದನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ.

"ಲಾರಿ ಬಾಗಲದಾಗ ನಿಂತದ. ಗೊನಿ ತೂಗೀವಿ, ನಿನ್ನ ಅಗಸಿ ಒಲ್ಲೆ ಅಂತದ. ನಾ ಅಧ್ಯಕ್ಷ ಇದ್ದೀನವ್ವ!"

"ಗೊತ್ತದ್ರಿ."

"ಒಂದ್ ತಾಸಿನ ಮಟ್ಟಿಗೆ ಹಳೇದ್ ಹಚ್ಚು. ಲಾರಿ ಹೋಗ್ಲಿ."

ಮಾಯಾ ಮುಂದಿದ್ದ ಪರದೆ ನೋಡಿದಳು. ಹಳೆಯದನ್ನು ಹಚ್ಚುವುದು ಎರಡು ಸಾಲಿನ ಕೆಲಸ. ಆ ತೂತು ಹೇಗಿದೆಯೆಂದು ಈಗ ಜಗತ್ತಿಗೆಲ್ಲ ಗೊತ್ತು.

"ಆಗಾಂಗಿಲ್ರಿ. ಒಂದ್ ತಾಸಿಗೂ ಇಲ್ಲ, ನಿಮಗೂ ಇಲ್ಲ. ಕಾಕಾಗ ಈಗೇ ಕಳಸ್ತೇನಿ, ತಿದ್ದೂದು ಅವ್ರೂ ಕಲ್ತಾರ, ಮಷೀನ್ ಸರಿ ಮಾಡ್ತಾರ. ಅಲ್ಲೀತನಕ ಲಾರಿ ನಿಂದರ್ಲಿ."

ಆ ಕಡೆ ಲಾರಿ ಗುರುಗುಡುತ್ತಿತ್ತು, ಯಾರೋ ಜಲ್ದಿ ಜಲ್ದಿ ಎಂದು ಕೂಗುತ್ತಿದ್ದರು. ಕೊನೆಗೆ ದೌಲಪ್ಪ ಫೋನಿನಿಂದ ಬಾಯಿ ತಿರುಗಿಸಿ ಯಾರಿಗೋ, "ಇಂಜಿನ್ ಬಂದ್ ಮಾಡೋ," ಅಂದ.

ಮಾಯಾ ಕಾಕಾನ ನಂಬರು ಒತ್ತಿದಳು.