ಹಾಸಿಗೆ ಹಿಡಿದ ತಾಯಿ

ಪಾಂಡವಪುರದ ಕೋರ್ಟಿನ ಕಟಕಟೆಯಲ್ಲಿ ನಿಂತ ಧರ್ಮೇಂದ್ರನಿಗೆ ಜಡ್ಜ್ ಸಾಹೇಬರಿಗಿಂತ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವ್ವನನ್ನು ಕಂಡೇ ಹೆಚ್ಚು ಹೆದರಿಕೆ. ಊರಿನ ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿದ್ದವನು ಮಕ್ಕಳು ಕಟ್ಟಿದ ಪರೀಕ್ಷೆ ಫೀಸನ್ನು ಮೊಬೈಲಿನ ರಮ್ಮಿ ಆಟಕ್ಕೆ ಸುರಿದಿದ್ದ. ಅದು ಬಯಲಾದ ದಿನದಿಂದ ಚಿಕ್ಕಬೋರಮ್ಮ ಮಗನ ಹತ್ತಿರ ಮಾತು ಬಿಟ್ಟಿದ್ದಳು. ತಟ್ಟೆಗೆ ಮುದ್ದೆ ಹಾಕುತ್ತಿದ್ದಳು, ಸಾರು ಬಿಡುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಇವತ್ತು ಬರುತ್ತಾಳೆಂದು ಅವನು ಎಣಿಸಿರಲೇ ಇಲ್ಲ. ಜೈಲಿಗೆ ಹೋಗುವ ಮುಂಚೆ ಒಂದು ಮಾತಾದರೂ ಆಡಿಯಾಳೇ ಎಂಬುದೊಂದೇ ಅವನ ಚಿಂತೆ.

ತಪ್ಪು ಸಾಬೀತಾಗಿತ್ತು. ಶಿಕ್ಷೆ ಎಷ್ಟು ಅನ್ನುವುದಷ್ಟೇ ಬಾಕಿ. ವಕೀಲ ಲೋಕೇಶ್ ಎದ್ದು ದನಿ ನಡುಗಿಸಿದರು: "ಸ್ವಾಮಿ, ಇವನದು ಮೊದಲನೇ ತಪ್ಪು. ಮನೆಯಲ್ಲಿ ಮುದಿ ತಾಯಿ ಹಾಸಿಗೆ ಹಿಡಿದಿದ್ದಾರೆ. ಬಾಯಿಗೆ ನೀರು ಬಿಡೋದಕ್ಕೂ ಇವನೇ ಆಗಬೇಕು..."

"ಯಾರಪ್ಪಾ ಆಸ್ಗೆ ಇಡ್ದಿರೋರು?"

ಇಡೀ ಕೋರ್ಟು ತಿರುಗಿ ನೋಡಿತು. ಚಿಕ್ಕಬೋರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. "ನಾನೇ ಕಣ್ ಸ್ವಾಮಿ ಅವನವ್ವ. ಎಲ್ಡು ಅಸ ಕರ್ದು, ಡೈರಿಗೆ ಆಲು ಆಕ್ಬುಟ್ಟು, ಬಸ್ಸಲ್ಲಿ ನಿಂತ್ಕೊಂಡೇ ಬಂದಿವ್ನಿ!"

ಲೋಕೇಶ್ ಮೆಲ್ಲಗೆ ಕೂತುಬಿಟ್ಟರು. ಜಡ್ಜ್ ನಗು ನುಂಗಿಕೊಂಡು, "ಮಗನ ಪರವಾಗಿ ಏನಾದರೂ ಹೇಳೋದಿದೆಯೇನಮ್ಮ?" ಎಂದರು.

"ಕದ್ದಿರದು ದಿಟ ಸ್ವಾಮಿ. ನಮ್ ಬೀದಿ ಐಕ್ಳ ದುಡ್ಡೇ ಅದು. ಏನ್ ಕೊಡ್ಬೇಕೋ ಕೊಡಿ. ಆದ್ರೆ..." ಅವಳು ಕಟಕಟೆಯ ಕಡೆ ತಿರುಗಿ ಮಗನನ್ನು ನೋಡಿದಳು. "ಇವ್ನಿಗೆ ಇಂದೆ ಮುಂದೆ ಯಾರೂ ಇಲ್ಲ ಅನ್ಕೋಬ್ಯಾಡಿ. ಬರಗಂಟ ಕಾಯಕ್ಕೆ ನಾನು ಗಟ್ಟಿಯಾಗಿವ್ನಿ."

ಒಂದು ವರ್ಷ ಸಜೆ, ಮೇಲೆ ದಂಡ. "ಅಪೀಲು ಹಾಕೋವರೆಗೂ ಇವತ್ತೇ ಜಾಮೀನು ಕೇಳೋಣ ಕಣಯ್ಯ" ಎಂದು ಲೋಕೇಶ್ ಪಿಸುಗುಟ್ಟಿದರು.

"ಬ್ಯಾಡ ಸಾರ್. ಹೋಗ್ಬುಟ್ಟು ಬತ್ತೀನಿ" ಎಂದ ಧರ್ಮೇಂದ್ರ.

ಹೊರಗೆ ಬರುವುದೇ ತಡ, ಚಿಕ್ಕಬೋರಮ್ಮ ಎದುರಿಗೇ ಬಂದಳು. "ಆಸ್ಗೆ ಇಡ್ದೋಳಂತೆ ನಾನು! ನಾಚ್ಕೆ ಆಗ್ಲಿಲ್ವೇನ್ಲಾ?"

"ಲಾಯರು ಯೋಳಿದ್ದು ಕಣವ್ವ."

"ಅವ್ರು ಯೋಳುದ್ರೆ ನೀನು ಕಂಬದಂಗೆ ನಿಂತ್ಕಂಡಿದ್ದಾ? ಮೂದೇವಿ! ಆ ಐಕ್ಳ ಮೊಕ ನೋಡ್ಲಿಲ್ವಲ್ಲೋ ನೀನು..."

ತಿಂಗಳುಗಟ್ಟಲೆ ತಡೆದಿಟ್ಟದ್ದೆಲ್ಲ ಒಂದರ ಹಿಂದೊಂದು ಬಂತು. ಪೇದೆ ಮಹದೇವಸ್ವಾಮಿ ಜೀಪಿನ ಬಾಗಿಲು ತೆಗೆದು ಕರೆದ.

"ಒಸಿ ತಡೀರಣ್ಣ, ಬಯ್ಲಿ" ಎಂದ ಧರ್ಮೇಂದ್ರ. ಅವನ ಕಣ್ಣು ತುಂಬಿತ್ತು.

ಚಿಕ್ಕಬೋರಮ್ಮ ಉಸಿರು ತೆಗೆದುಕೊಂಡು, ಸೆರಗಿನಿಂದ ಮಗನ ಮುಖ ಒರೆಸಿ, ಪೇದೆಯ ಕಡೆ ತಿರುಗಿದಳು.

"ಅಣ್ಣಯ್ಯ, ಜೈಲ್ನಲ್ಲಿ ನೋಡಕ್ಕೆ ಬುಡೋ ದಿನ ಯಾವ್ದು? ಬಯ್ಯದು ಇನ್ನೂ ಬಾಳ ಅದೆ."