ಮೇಷ್ಟ್ರು ನೋವಿಗೆ ಕೊಟ್ಟ ಅಂಕ

ಗಣಿತದ ಮೇಷ್ಟ್ರು ಅಂಕ ಕೊಡುವುದರಲ್ಲಿ ಮಹಾ ಜಿಪುಣ. ಲೆಕ್ಕ ಪೂರ್ತಿ ಸರಿಯಿದ್ದರೂ ಅಕ್ಷರ ಸೊಟ್ಟಗಿದೆಯೆಂದು ಅರ್ಧ ಅಂಕ ಕತ್ತರಿಸುವ ಆಸಾಮಿ. ಅಂಥವರಿಗೆ ಸಂಧಿವಾತ ಗಂಟುಬಿದ್ದು ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡವು. ಡಾಕ್ಟರಮ್ಮ ಮಾತ್ರೆಯ ಜೊತೆಗೆ ಒಂದು ಹಾಳೆಯನ್ನೂ ಕೊಟ್ಟರು.

"ದಿನಾ ಬೆಳಿಗ್ಗೆ ನೋವು ಹತ್ತಕ್ಕೆ ಎಷ್ಟು ಅಂತ ಬರೀರಿ ಮೇಷ್ಟ್ರೇ. ಮಾತ್ರೆ ಹಿಡೀತಾ ಇದೆಯೋ ಇಲ್ವೋ ನನಗೂ ಗೊತ್ತಾಗಬೇಕಲ್ಲ."

ಮೇಷ್ಟ್ರಿಗೆ ಒಳಗೊಳಗೇ ಖುಷಿ. ಮೌಲ್ಯಮಾಪನವೆಂದರೆ ಅವರ ಕಸುಬೇ ತಾನೆ? ಹಾಳೆಗೆ ಸ್ಕೇಲಿಟ್ಟು ಗೆರೆ ಹೊಡೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಬೆಳಗಾದರೆ ಸಾಕು, ಕೆಂಪು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಅದರ ಮುಂದೆ ಹಾಜರು.

"ಇವತ್ತೆಷ್ಟು ಕೊಟ್ರಿ?" ಹೆಂಡತಿ ಅವರ ಅಂಗಿಯ ಗುಂಡಿ ಹಾಕುತ್ತಾ ಕೇಳಿದರು.

"ಮೂರು."

"ಬ್ರಷ್ ಹಿಡಿಯೋಕಾಗದೆ ಅಯ್ಯಯ್ಯೋ ಅಂತಿದ್ರಲ್ರೀ, ಮೂರಾ?"

"ಇವತ್ತೇ ಧಾರಾಳವಾಗಿ ಕೊಟ್ಟುಬಿಟ್ರೆ, ನಾಳೆ ಇನ್ನೂ ಜೋರಾದ್ರೆ ಏನು ಕೊಡ್ಲಿ? ಹತ್ತು ಅಂದ್ರೆ ಹುಡುಗಾಟ ಅಲ್ಲ ಕಣೇ."

ಮುಂದಿನ ಸಲ ಡಾಕ್ಟರಮ್ಮ ಹಾಳೆಯ ಮೇಲೆ ಕಣ್ಣಾಡಿಸಿ ಮುಖ ಅರಳಿಸಿದರು. "ಎರಡು, ಮೂರು, ಎರಡು... ಪರವಾಗಿಲ್ವೇ! ಮಾತ್ರೆ ಕಡಿಮೆ ಮಾಡಬಹುದು ಅನ್ಸುತ್ತೆ. ಎಲ್ಲಿ, ಕೈ ಕೊಡಿ."

ಬೆರಳಿನ ಗೆಣ್ಣನ್ನು ಮೆಲ್ಲಗೆ ಒತ್ತಿದ್ದೇ ತಡ, ಮೇಷ್ಟ್ರು ಕುರ್ಚಿಯಿಂದ ಚಂಗನೆ ಎದ್ದರು. ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ನೆಲ ಕಂಡಿತು.

"ಇದಕ್ಕೆಷ್ಟು ಕೊಡ್ತೀರಿ?" ಡಾಕ್ಟರಮ್ಮ ಗಾಬರಿಯಿಂದ ಕೇಳಿದರು.

ಮೇಷ್ಟ್ರು ಹಲ್ಲು ಕಚ್ಚಿಕೊಂಡೇ ಯೋಚಿಸಿದರು. "ನಾಲ್ಕು... ಹೋಗ್ಲಿ, ನಾಲ್ಕೂವರೆ."

ಜೊತೆಗೆ ಬಂದಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಇವರ ಕೈಲಿ ಹೆತ್ತ ಮಗಳಿಗೇ ಪೂರ್ತಿ ಅಂಕ ಸಿಕ್ಕಿಲ್ಲ. ಇನ್ನು ನೋವಿಗೆ ಸಿಗುತ್ತಾ?"

ಡಾಕ್ಟರಮ್ಮ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು, "ನಾನು ಕೇಳಿದ್ದೇ ಸರಿ ಇರ್ಲಿಲ್ಲ ಬಿಡಿ. ಅಂಕದ ಸಹವಾಸವೇ ಬೇಡ. ಏನು ಮಾಡೋಕಾಯ್ತು, ಏನು ಆಗ್ಲಿಲ್ಲ, ಅಷ್ಟೇ ಬರ್ಕೊಂಡು ಬನ್ನಿ. ಮಾತ್ರೆ ಮಾತ್ರ ಬೇರೆ ಬರೀತೀನಿ."

ಮೇಷ್ಟ್ರು ಬರೆಯತೊಡಗಿದರು. 'ಗುಂಡಿ ಹಾಕಿಕೊಳ್ಳಲಾಗಲಿಲ್ಲ. ನಲ್ಲಿ ತಿರುಗಿಸಲಾಗಲಿಲ್ಲ. ಬೋರ್ಡಿನ ಮೇಲೆ ವೃತ್ತ ಬರೆಯಹೋದೆ, ಆಲೂಗಡ್ಡೆಯಾಯಿತು. ಹಿಂದಿನ ಬೆಂಚಿನವರು ನಕ್ಕರು.' ಬರೆದುದನ್ನು ಮೊದಲಿನಿಂದ ಓದಿಕೊಂಡರು. ಇಷ್ಟೆಲ್ಲ ಕೈಬಿಟ್ಟು ಹೋಗಿದ್ದರೂ ತಾನು ಎರಡು, ಮೂರು ಎಂದು ಗೀಚಿಕೊಂಡು ಕೂತಿದ್ದೆನಲ್ಲ! ಅವತ್ತು ಹೆಂಡತಿಯ ಮುಂದೆ ಮೊದಲ ಬಾರಿಗೆ ಬಾಯಿಬಿಟ್ಟು, "ತುಂಬಾ ನೋಯುತ್ತೆ ಕಣೇ" ಎಂದರು. ಆಕೆ ಅವರ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟರು.

ಹೊಸ ಮಾತ್ರೆ ನಿಧಾನಕ್ಕೆ ನಾಟಿತು. ನಲ್ಲಿ ತಿರುಗಿತು. ವೃತ್ತ ಪೂರ್ತಿ ದುಂಡಗಾಗದಿದ್ದರೂ ತರಕಾರಿಯಂತೆ ಕಾಣುವುದು ನಿಂತಿತು. ಬರವಣಿಗೆಯೂ ಬೆಳೆಯಿತು. "ಮೇಷ್ಟ್ರೇ, ಹೊರಗೆ ಇನ್ನೂ ಪೇಷೆಂಟ್ಸ್ ಕಾಯ್ತಿದಾರೆ, ಒಂದೇ ಪುಟಕ್ಕೆ ಮುಗಿಸಿ" ಎಂದು ಡಾಕ್ಟರಮ್ಮ ಕೈಮುಗಿಯುವಷ್ಟು.

ಒಂದು ಸಂಜೆ ಹೆಂಡತಿ ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಉಸ್ಸೆಂದು ಕೂತಿದ್ದು ಮೇಷ್ಟ್ರ ಕಣ್ಣಿಗೆ ಬಿತ್ತು. ದಿನವೂ ಹಾಗೇ ಕೂರುತ್ತಿದ್ದರೇನೋ, ನೋಡಿದ್ದು ಮಾತ್ರ ಇವತ್ತು. ಒಂದು ಹೊಸ ಹಾಳೆ ತಂದು ಎದುರಿಗೆ ಕೂತರು.

"ಹೇಳು, ನಿಂಗೆ ಏನೇನು ಮಾಡೋಕೆ ಆಗ್ತಿಲ್ಲ?"

ಹೆಂಡತಿ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡರು.

"ಬರ್ಕೊಳ್ಳಿ. ಮೊದಲು ಮಹಡಿ ಮೆಟ್ಟಿಲು. ಬಟ್ಟೆ ಒಣಗಿಸೋಕೆ ನಿನ್ನೆಯಿಂದ ಹತ್ತೇ ಇಲ್ಲ. ಎರಡನೇದು..."