ಆರು ಗಂಟೆಗೆ ಕಡಿಯುವ ಜಾಲ

ನಾಲ್ಕನೆಯ ಸಲ ಸವಣೂರಿಗೆ ಬಂದಿಳಿದಾಗ ಶೈಲಾಳಿಗೆ ಬೈಯುವಷ್ಟೂ ತ್ರಾಣ ಉಳಿದಿರಲಿಲ್ಲ. ಹಾನಗಲ್ಲಿನ ಬೀಜದ ವ್ಯಾಪಾರಿ ಕುಬೇರಪ್ಪನವರಿಗೆ ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ಅಂಗಡಿಗಳಿದ್ದವು. ನಾಲ್ಕೂ ಕಂಪ್ಯೂಟರುಗಳನ್ನು ಇಂಟರ್ನೆಟ್ ಮೂಲಕ ಒಂದು ಖಾಸಗಿ ಜಾಲಕ್ಕೆ ಕೂಡಿಸುವ ಕೆಲಸ ಅವರಲ್ಲಿ ನೌಕರಿಗಿದ್ದ ಅವಳ ಕೊರಳಿಗೆ ಬಿದ್ದಿತ್ತು. ಎಲ್ಲಿ ಕುಳಿತರೂ ನಾಲ್ಕೂ ಕಡೆಯ ದಾಸ್ತಾನು ಕಾಣಬೇಕು, ಹೊರಗಿನವರಿಗೆ ಕಾಣಬಾರದು.

ಜಾಲ ಹಗಲೆಲ್ಲ ಚೆನ್ನಾಗಿರುತ್ತಿತ್ತು, ಸಂಜೆ ಆರಕ್ಕೆ ಕಡಿಯುತ್ತಿತ್ತು. ಕೂಡಲೇ ಕುಬೇರಪ್ಪನವರ ಫೋನು.

"ಸರಿ ಮಾಡ್ದ ಹೊರತು ಮನಿಗೆ ಹೋಗಬ್ಯಾಡ್ರಿ. ಅದು ರಾತ್ರಿನೂ ನಡೀಬೇಕು. ನೀವು ಊಟ ಆದಮ್ಯಾಲ ಮನ್ಯಾಗ ಕುಂತು ದಾಸ್ತಾನಿನ ಪಟ್ಟಿ ತುಂಬಬೇಕಲ್ಲ!"

ಅವಳು ದುಂಡಸಿಯ ಮನೆ ಮುಟ್ಟುವಾಗ ಮಗಳು ಪೂಜಾ ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ತಾಯಿ ಮಗಳು ಜೊತೆಗೆ ಕುಳಿತು ಉಂಡು ತಿಂಗಳಾಗಿತ್ತು.

ದಾಸ್ತಾನಿನ ಪಟ್ಟಿ ಇದ್ದದ್ದು ಸವಣೂರಿನ ಕಂಪ್ಯೂಟರಿನಲ್ಲಿ. ಮೂರು ಸಲ ಬೆಳಿಗ್ಗೆ ಬಂದು ಏನೂ ಸಿಗದೆ ಹೋಗಿದ್ದವಳು ಇವತ್ತು ಸಂಜೆಯವರೆಗೆ ಕುಳಿತೇ ಬಿಟ್ಟಳು. ಆರಾಯಿತು. ಅಂಗಡಿ ನೋಡಿಕೊಳ್ಳುವ ದಾನವ್ವ ಗಂಡನ ಫೋಟೋಕ್ಕೆ ವಿಭೂತಿ ಹಚ್ಚಿ, ನೇರ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು. ಅದೇ ಬೆರಳಿನಿಂದ ಸ್ವಿಚ್ಚಿಗೂ ವಿಭೂತಿ ಹಚ್ಚಿದಳು.

ಶೈಲಾ ತಲೆಯ ಮೇಲೆ ಕೈ ಹೊತ್ತಳು. "ಅಕ್ಕಾರ, ಆರಸಬ್ಯಾಡ್ರಿ ಅಂತ ಚೀಟಿ ಅಂಟಿಸೇನಲ್ರೀ!"

"ಕಂಪ್ಯೂಟರ್ ಆರಸಬ್ಯಾಡ ಅಂತ ಬರದಿ ತಂಗಿ. ಅದನ್ನ ನಾ ಮುಟ್ಟೇ ಇಲ್ಲ." ದಾನವ್ವನ ದನಿ ಇಳಿಯಿತು. "ಹಳೇ ಅಂಗಡ್ಯಾಗ ವಾಯರ್ ಸುಟ್ಟು ಬೆಂಕಿ ಹತ್ತಿದಾಗ ಇವರು ಒಳಗ ಮಲಗಿದ್ರು. ಕರೆಂಟ್ ಹಂಗ ಬಿಟ್ಟು ಕೀಲಿ ಹಾಕಿದ್ರ ನನಗ ನಿದ್ದಿ ಬರೂದಿಲ್ಲವ್ವ."

ಶೈಲಾ ತನ್ನ ಚೀಟಿಯನ್ನು ಕಿತ್ತು ಮಡಚಿದಳು. ಪಟ್ಟಿಯನ್ನು ಹಾನಗಲ್ಲಿನ ಕಂಪ್ಯೂಟರಿಗೆ ಸಾಗಿಸಿದರೆ ಮುಗಿಯಿತು, ಅರ್ಧ ತಾಸಿನ ಕೆಲಸ. ಆಮೇಲೆ ಜಾಲ ರಾತ್ರಿಯೆಲ್ಲ ಎಚ್ಚರವಿರುತ್ತದೆ, ಅದರ ಮುಂದೆ ತಾನೂ. ಸಾಕಾಗಿ ಹೋಗಿತ್ತು ಅವಳಿಗೆ.

ಕುಬೇರಪ್ಪನವರ ಫೋನು ಬಂತು. "ಏನರ ಗೊತ್ತಾತೇನ್ರಿ?"

"ಆತ್ರಿ. ಆರಕ್ಕ ಅಂಗಡಿ ಬಂದ್ ಆತಂದ್ರ ಜಾಲನೂ ಬಂದ್ ರೀ."

"ಮತ್ತ ಯಾವಾಗ ಸರಿ ಮಾಡ್ತೀರಿ?"

ಕೆಲಸ ಹೋದರೆ ಹೋಗಲಿ ಎನಿಸಿತು. "ಸರಿನ ಐತ್ರಿ," ಎಂದು ಫೋನಿಟ್ಟಳು.

ದಾನವ್ವ ಕೀಲಿಯನ್ನು ಮೂರು ಸಲ ಜಗ್ಗಿ ನೋಡಿದಳು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಶೈಲಾ ಮನೆಗೆ ಫೋನು ಹಚ್ಚಿದಳು.

"ಪೂಜಾ, ನನ್ನ ತಾಟೂ ಇಡು. ಬರಾಕತ್ತೇನಿ."